ಹಂಪಿ ಉತ್ಸವಕ್ಕೆ ಹಗಲಲ್ಲೇ ಹೋಗಿ

ಮೆಟ್ರಿ, ಕಂಪ್ಲಿ ಕಡೆಯ ಅನೇಕರಿಗೆ ಹಂಪಿ ಉತ್ಸವ ಎಂದರೆ ಸಿನಿಮಾ ಗಾಯಕರು ಬರುವ ರಾತ್ರಿಯ ಮುಖ್ಯ ವೇದಿಕೆ. ಸಂಜೆ ಹೊರಟು, ನೂಕುನುಗ್ಗಲಿನಲ್ಲಿ ನಿಂತು, ದೊಡ್ಡ ಪರದೆ ನೋಡಿ ಮರಳುತ್ತಾರೆ. ಎಂ.ಪಿ. ಪ್ರಕಾಶರು 1980ರ ದಶಕದಲ್ಲಿ ಈ ಉತ್ಸವಕ್ಕೆ ರೂಪ ಕೊಟ್ಟರು. ಹೂವಿನಹಡಗಲಿಯಲ್ಲಿ ರಂಗಭಾರತಿ ಕಟ್ಟಿದ ಅವರು ರಂಗಭೂಮಿಯನ್ನು ಬಲ್ಲವರಾಗಿದ್ದರು. ಹಾಗಾಗಿ ಉತ್ಸವದ ತಿರುಳು ಇಂದಿಗೂ ಸಣ್ಣ ವೇದಿಕೆಗಳಲ್ಲಿದೆ.

ಎದುರು ಬಸವಣ್ಣ ಮಂಟಪ, ವಿರೂಪಾಕ್ಷ ದೇವಸ್ಥಾನದ ಆವರಣದಂಥ ಕಡೆ ನೃತ್ಯ, ಬಯಲಾಟ, ತೊಗಲುಗೊಂಬೆ, ಜನಪದ ಗಾಯನ ನಡೆಯುತ್ತವೆ. ಚಿತ್ರಕಲೆ, ಶಿಲ್ಪಕಲೆಯ ಶಿಬಿರ ಇದ್ದರೆ ಮೊದಲು ಅಲ್ಲಿಗೆ ಹೋಗಿ. ಕಲಾವಿದರ ಪಕ್ಕದಲ್ಲೇ ನಿಂತು, ಈ ಬಣ್ಣ ಏಕೆ, ಈ ಕಲ್ಲು ಎಲ್ಲಿಯದು ಎಂದು ಕೇಳಬಹುದು. ಮಕ್ಕಳನ್ನು ಕರೆದೊಯ್ದರೆ ಇನ್ನೂ ಒಳ್ಳೆಯದು. ಇಂದಿನ ಕಲೆ ಅರ್ಥವಾಗದು ಎಂಬ ಅಳುಕು ಹೋಗಲು ಇಂಥ ಮಾತುಕತೆಗಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ.

ದಿನಾಂಕ ಮಾತ್ರ ಪತ್ರಿಕೆಯಲ್ಲಿ ನೋಡಿಕೊಳ್ಳಿ. ಹಿಂದೆ ನವೆಂಬರ್ 3ರಿಂದ 5ರವರೆಗೆ ನಡೆಯುತ್ತಿದ್ದ ಉತ್ಸವ 2024ರಲ್ಲಿ ಫೆಬ್ರುವರಿ 2ರಿಂದ 4ರವರೆಗೆ, 2025ರಲ್ಲಿ ಫೆಬ್ರುವರಿ 28ರಿಂದ ಮಾರ್ಚ್ 2ರವರೆಗೆ ನಡೆಯಿತು.

ಹಾಡುವ, ಕುಣಿಯುವ ತಂಡಗಳಿಗೆ ಒಂದು ಮಾತು. ಉತ್ಸವವನ್ನು ಜಿಲ್ಲಾಡಳಿತ ನಡೆಸುತ್ತದೆ. ಕಲಾವಿದರ ಅರ್ಜಿ, ಸಂಭಾವನೆಯ ವಿಚಾರಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನು ಕೇಳಬೇಕು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹಂಪಿ ಅತ್ತ ಹೋಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಆದ್ದರಿಂದ ಮೆಟ್ರಿಯವರು ಉತ್ಸವದ ವಿಚಾರಕ್ಕೆ ಬಳ್ಳಾರಿಯಲ್ಲಲ್ಲ, ವಿಜಯನಗರ ಜಿಲ್ಲೆಯ ಹೊಸಪೇಟೆಯ ಕಚೇರಿಯಲ್ಲಿ ವಿಚಾರಿಸಬೇಕು. ತಂಡದ ಫೋಟೊ, ಹಿಂದಿನ ಕಾರ್ಯಕ್ರಮಗಳ ದಾಖಲೆ, ಬ್ಯಾಂಕ್ ಖಾತೆಯ ವಿವರ ಮೊದಲೇ ಜೋಡಿಸಿಟ್ಟುಕೊಳ್ಳಿ. ಅರ್ಜಿ ಕರೆದ ಮೇಲೆ ಹುಡುಕಹೊರಟರೆ ಹೊತ್ತು ಸಾಲದು.

ಈ ಸೀಮೆಗೆ ಆ ವೇದಿಕೆಯ ಮೇಲೆ ಹಕ್ಕಿದೆ. ಅಕ್ಷರ ಕಲಿಯದ ದರೋಜಿ ಈರಮ್ಮ ಕುಮಾರರಾಮನ ಕಥೆಯನ್ನು ಬಾಯಲ್ಲೇ ಹೊತ್ತು ಹಾಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. 2014ರಲ್ಲಿ ಅವರು ತೀರಿಕೊಂಡರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಜೋಗತಿ ನೃತ್ಯದಿಂದಲೇ ಪದ್ಮಶ್ರೀಯವರೆಗೆ ನಡೆದರು. ಕೇಳುವ ಜನರಿಲ್ಲದೆ ಇಂಥ ಕಲೆ ಮುಂದಿನ ತಲೆಮಾರಿಗೆ ದಾಟುವುದಿಲ್ಲ.

ಈ ಸಲ ಮಧ್ಯಾಹ್ನವೇ ಹೊರಡಿ. ನಿಮ್ಮೂರಿನ ತಂಡ ಇರುವ ವೇದಿಕೆಯ ಮುಂದೆ ಮೊದಲು ಕುಳಿತುಕೊಳ್ಳಿ.