ಸುಳಿಗಾಳಿಯ ಚುಟುಕು

ಪ್ರಶ್ನೆ: ಹವಾಮಾನಶಾಸ್ತ್ರದ ಗಂಭೀರ ಗ್ರಂಥಗಳಲ್ಲಿ ಹಾಸ್ಯಕ್ಕೆ ಎಡೆಯಿದೆಯೇ?

ಉತ್ತರ: ಧಾರಾಳವಾಗಿ ಇದೆ. ಗಣಿತದ ಸಮೀಕರಣಗಳಿಂದ ಹವೆಯನ್ನು ಮುಂಚಿತವಾಗಿ ಲೆಕ್ಕಹಾಕುವ ವಿಧಾನವನ್ನು 1922ರ ತಮ್ಮ ಗ್ರಂಥದಲ್ಲಿ ವಿವರಿಸಿದ ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್, ಚಿಗಟದ ಮೈಮೇಲೂ ಸಣ್ಣ ಚಿಗಟಗಳಿರುತ್ತವೆಂಬ ಜೊನಾಥನ್ ಸ್ವಿಫ್ಟರ ವಿಡಂಬನೆಯನ್ನು ಅಣಕಿಸಿ, ದೊಡ್ಡ ಸುಳಿಗಳು ತಮ್ಮ ವೇಗವನ್ನು ಸಣ್ಣ ಸುಳಿಗಳಿಗೆ ಉಣಿಸುತ್ತ ಕೊನೆಗೆ ಸ್ನಿಗ್ಧತೆಯಲ್ಲಿ, ಅಂದರೆ ಹರಿವನ್ನು ತಡೆಯುವ ಒಳಘರ್ಷಣೆಯಲ್ಲಿ, ಅಡಗುವುದನ್ನು ಪ್ರಾಸಬದ್ಧವಾಗಿ ಹೇಳಿದರು. ಉದ್ದೇಶಿಸದ ಹಾಸ್ಯವಂತೂ ಅದೇ ಗ್ರಂಥದ ಮಾದರಿ ಲೆಕ್ಕದಲ್ಲಿದೆ: 1910ರ ಮೇ 20ರಂದು ಆರು ಗಂಟೆಗಳಲ್ಲಿ ವಾಯುಭಾರವು 145 ಮಿಲಿಬಾರ್ ಏರಬೇಕೆಂದು ಉತ್ತರ ಬಂದಿತು, ವಾಸ್ತವದಲ್ಲಿ ಅದು ಹೆಚ್ಚುಕಡಿಮೆ ಕದಲಿರಲಿಲ್ಲ. ಆ ಎಡವಟ್ಟನ್ನು ಮುಚ್ಚಿಡದೆ ಅಚ್ಚುಹಾಕಿಸಿದ್ದು ಚುಟುಕಿಗಿಂತಲೂ ಮೆಚ್ಚತಕ್ಕ ಸಂಗತಿ. ಇಂದಿನ ಗಣಕಾಧಾರಿತ ಮುನ್ಸೂಚನೆಗಳು ನಿಂತಿರುವುದು ಅವರ ವಿಧಾನದ ಬುನಾದಿಯ ಮೇಲೆಯೇ.