ನಿಮಗಿದು ಗೊತ್ತೇ? ಗಾಡಿ ಸಿಕ್ಕಿತು, ಕಲಿಸುವವರು ಯಾರು?

● ಕಾಲಿನಲ್ಲಿ ಬಲವಿಲ್ಲದವರಿಗೆ ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ‘ಯಂತ್ರಚಾಲಿತ ದ್ವಿಚಕ್ರ ವಾಹನ’ವನ್ನು ಉಚಿತವಾಗಿ ಕೊಡುತ್ತದೆ. ಗೇರಿಲ್ಲದ ಸ್ಕೂಟರಿಗೆ ಹಿಂದೆ ಎರಡೂ ಬದಿ ಗಾಲಿ ಕೂಡಿಸಿರುತ್ತಾರೆ. ಆಕ್ಸಿಲರೇಟರ್, ಬ್ರೇಕು ಎಲ್ಲವೂ ಕೈಯಲ್ಲೇ. ನಿಂತಾಗ ಕಾಲು ಊರಬೇಕಿಲ್ಲ.

● ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದಲೂ ಇಂಥ ಗಾಡಿ ಹಂಚುವುದುಂಟು. ಗ್ರಾಮ ಪಂಚಾಯಿತಿಯ ಅನುದಾನದಲ್ಲಿ ಶೇ 5ರಷ್ಟು ವಿಕಲಚೇತನರಿಗೇ ಮೀಸಲು. ಅದನ್ನು ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು, ಕೇಳಲೇಬೇಕು.

● 1988ರ ಮೋಟಾರು ವಾಹನ ಕಾಯ್ದೆ ಮೊದಲು ಏನು ಹೇಳುತ್ತಿತ್ತು ಗೊತ್ತೇ? ಅಂಗವಿಕಲರ ವಾಹನ ಎಂದರೆ ಅವರಿಗೆಂದೇ ಮೊದಲಿನಿಂದ ರೂಪಿಸಿ ತಯಾರಿಸಿದ್ದು ಮಾತ್ರ; ಮಾಮೂಲಿ ಗಾಡಿಯನ್ನು ಮಾರ್ಪಡಿಸಿಕೊಂಡರೆ ಅದು ಲೆಕ್ಕಕ್ಕಿಲ್ಲ. ಹಾಗೆಂದೇ ತಯಾರಾದ ಗಾಡಿ ಯಾದಗಿರಿ ಜಿಲ್ಲೆಯ ಶಹಾಪುರದ ಶೋರೂಮಿನಲ್ಲಿ ಎಲ್ಲಿ ಸಿಗಬೇಕು? 2019ರ ತಿದ್ದುಪಡಿ ಈ ಗಂಟನ್ನು ಬಿಚ್ಚಿತು. ಅನುಮತಿ ಪಡೆದು ಮಾರ್ಪಡಿಸಿದ ಗಾಡಿಗೂ ಈಗ ಅದೇ ಮಾನ್ಯತೆ. ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು, ಮರೆಯಬೇಡಿ.

● ಒಂದು ಕಾಲಿಲ್ಲ ಎಂಬ ಕಾರಣಕ್ಕೇ ಲೈಸೆನ್ಸ್ ಕೊಡುವುದಿಲ್ಲ ಎನ್ನುವಂತಿಲ್ಲ. ಮಾರ್ಪಡಿಸಿದ ವಾಹನ ಓಡಿಸಲು ಸಮರ್ಥರು ಎಂದು ಮನವರಿಕೆಯಾದರೆ ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಕೊಡಲು ಕಾಯ್ದೆಯ 8ನೇ ಕಲಮಿನಲ್ಲೇ ಅವಕಾಶವಿದೆ. ಕಿವಿ ಕೇಳದವರಿಗೂ ಲೈಸೆನ್ಸಿನ ಹಾದಿ ತೆರೆದದ್ದು 2011ರ ದೆಹಲಿ ಹೈಕೋರ್ಟ್ ಆದೇಶ.

● ಕಾರಿನ ಬ್ರೇಕು, ಕ್ಲಚ್ಚನ್ನು ಕೈಗೆ ತಂದುಕೊಡುವ ಕಿಟ್‌ಗಳ ಮೇಲಿನ ಜಿಎಸ್‌ಟಿ 2021ರ ಅಕ್ಟೋಬರಿನಿಂದ ಶೇ 5ಕ್ಕೆ ಇಳಿದಿದೆ.

● 2020ರಲ್ಲಿ ನೋಂದಣಿ ಅರ್ಜಿಯ 20ನೇ ನಮೂನೆಗೆ ‘ದಿವ್ಯಾಂಗಜನ’ ಎಂಬ ಮಾಲೀಕತ್ವದ ಕಾಲಂ ಸೇರಿತು. ಅದುವರೆಗೆ ಗಾಡಿ ಯಾರದೆಂದು ಕಾಗದದಲ್ಲಿ ಸರಿಯಾಗಿ ಕಾಣದೆ ರಿಯಾಯಿತಿ ತಪ್ಪುತ್ತಿತ್ತು. ರಾಷ್ಟ್ರೀಯ ಹೆದ್ದಾರಿಯಲ್ಲಿ ಅಂಗವಿಕಲರಿಗೆಂದೇ ರೂಪಿಸಿದ ವಾಹನಕ್ಕೆ ಟೋಲ್ ಇಲ್ಲ.

● ಇನ್ನು ಕಲಿಕೆಯ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಂ ವಾಹನ ಮಾರ್ಪಾಡಿಗೆ ಯೋಜನೆ ರೂಪಿಸಬೇಕು ಎಂದು ಸರಕಾರಗಳಿಗೆ ಸ್ಪಷ್ಟವಾಗಿ ಹೇಳಿದೆ. ಓಡಿಸಲು ಕಲಿಸಬೇಕು ಎಂಬ ಮಾತು ಅಲ್ಲಿಲ್ಲ. ನಮ್ಮ ಹಣವೆಲ್ಲ ಕಬ್ಬಿಣಕ್ಕೆ ಹೋಗುತ್ತದೆ, ಗುರುವಿಗೆ ಹೋಗುವುದಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿಗೆ ಕಾಲಿನ ಪೆಡಲ್ ಮಾತ್ರ. ಮೂರು-ನಾಲ್ಕು ಗಾಲಿಯ ಸ್ಕೂಟರ್ ತಿರುವಿನಲ್ಲಿ ಎರಡು ಗಾಲಿಯದರಂತೆ ವಾಲುವುದಿಲ್ಲ. ರಭಸದಲ್ಲಿ ತಿರುಗಿಸಿದರೆ ಹೊರಗಡೆಗೆ ಮಗುಚುತ್ತದೆ. ಇದನ್ನು ಮೊದಲ ದಿನವೇ ಹೇಳಿಕೊಡಬೇಕಾದವರು ಯಾರು? ಕೊನೆಗೆ ಊರ ಬಯಲಿನಲ್ಲಿ ಅಣ್ಣನೋ ಗೆಳೆಯನೋ ಪಕ್ಕದಲ್ಲಿ ಓಡುತ್ತ ಕಲಿಸಬೇಕಾಗುತ್ತದೆ.

● ಎಲ್‌ಎಲ್‌ಆರ್ ಸಿಕ್ಕು 30 ದಿನವಾದ ಮೇಲೆ ಪರೀಕ್ಷೆ. ಯಾವ ಬಗೆಯ ಗಾಡಿಗೆ ಲೈಸೆನ್ಸ್ ಬೇಕೋ ಅದರಲ್ಲೇ ಓಡಿಸಿ ತೋರಿಸಬೇಕು. ಅಂದರೆ ಮಾರ್ಪಡಿಸಿದ ಗಾಡಿ ಮೊದಲು ಕೈಯಲ್ಲಿರಬೇಕು. ಶಹಾಪುರ, ಸುರಪುರ ಸೀಮೆಯ ಸಗರನಾಡಿನ ಗಾಡಿಗಳಿಗೆಲ್ಲ ನೋಂದಣಿ ಕೆಎ-33, ಆರ್‌ಟಿಒ ಕಚೇರಿ ಯಾದಗಿರಿಯಲ್ಲಿ. ಸುರಪುರದ ಕಡೆಯವರು ಶಹಾಪುರ ಹಾದು, ಭೀಮೆ ದಾಟಿ ಅಲ್ಲಿಗೆ ಹೋಗಬೇಕು. ತಾಲ್ಲೂಕು ಕೇಂದ್ರದಲ್ಲೇ ಇಂಥವರಿಗೆಂದು ಶಿಬಿರ ಹಾಕಿ, ಮಾರ್ಪಡಿಸಿದ ಒಂದು ಗಾಡಿ ಇಟ್ಟು, ಅಲ್ಲೇ ಕಲಿಸಿ ಅಲ್ಲೇ ಪರೀಕ್ಷೆ ನಡೆಸಿದರೆ ದೊಡ್ಡ ಖರ್ಚೇನೂ ಆಗದು.

● ಆಗದ ಮಾತೇ? ಆಸ್ಟ್ರೇಲಿಯದ ಎನ್‌ಡಿಐಎಸ್ ಎಂಬ ಅಂಗವಿಕಲರ ವಿಮಾ ಯೋಜನೆ 2013ರಲ್ಲಿ ಶುರುವಾಯಿತು. ಗಾಡಿಯ ಮಾರ್ಪಾಡಿಗಷ್ಟೇ ಅಲ್ಲ, ಚಾಲಕನ ಸಾಮರ್ಥ್ಯ ಪರೀಕ್ಷಿಸುವ ತಜ್ಞರಿಗೂ ವಿಶೇಷ ಪಾಠಗಳಿಗೂ ಅದು ಹಣ ಕೊಡುತ್ತದೆ. ಬ್ರಿಟನ್ನಿನಲ್ಲಿ 1977ರಿಂದಲೇ ‘ಮೊಟಬಿಲಿಟಿ’ ಇದೆ. ಓಡಾಟದ ಭತ್ಯೆಯ ಬದಲಿಗೆ ಕಾರನ್ನೇ ಬಾಡಿಗೆಗೆ ಪಡೆಯಬಹುದು.

● ಗಾಡಿಗೆ ಅರ್ಜಿ ಹಾಕಲು ಏಜೆಂಟರ ಹಿಂದೆ ಬೀಳಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಎಂಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಎಂಆರ್‌ಡಬ್ಲ್ಯು ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು, ಆಧಾರ್, ಆದಾಯ ಪ್ರಮಾಣಪತ್ರ ಜೋಡಿಸಿಟ್ಟುಕೊಂಡು ಮೊದಲು ಅವರನ್ನು ಕಾಣಿ. ಜೊತೆಗೆ ಎಲ್‌ಎಲ್‌ಆರ್ ಬಗ್ಗೆಯೂ ಅಂದೇ ಕೇಳಿ.