ಸೆಳವಿನ ತಳಕ್ಕೆ ರಾಗಿ ಉಂಡೆ

ಕೃಷ್ಣಾ, ದೂಧಗಂಗಾ ಇರಲಿ, ಕಾವೇರಿ ಇರಲಿ, ಹರಿಯುವ ಹೊಳೆಯ ತಳದಲ್ಲಿ ಮೇಯುವ ಮೀನಿಗೆ ಗಾಳ ಹಾಕುವವರು ಎರೆಯನ್ನು ತಳಕ್ಕಿಳಿಸಿ, ಸೆಳವಿನಲ್ಲಿ ಕೊಚ್ಚಿಹೋಗದಂತೆ ಅಲ್ಲಿಯೇ ನಿಲ್ಲಿಸಬೇಕಾಗುತ್ತದೆ. ಇಂಗ್ಲೆಂಡಿನ ನದಿಗಳಲ್ಲಿ ಮೀಸೆಯುಳ್ಳ ಬಾರ್ಬೆಲ್ ಮೀನಿಗಾಗಿ ಬಳಸುವ ಫೀಡರ್, ಅಂದರೆ ಸೀಸದ ತೂಕ ಕಟ್ಟಿದ ತೂತುಗಳ ಚಿಕ್ಕ ಕೊಳವೆ, ತನ್ನೊಳಗೆ ತುಂಬಿದ ತಿನಿಸನ್ನು ಸ್ವಲ್ಪಸ್ವಲ್ಪವೇ ನೀರಿಗೆ ಬಿಡುತ್ತ ಮೀನನ್ನು ಗಾಳದ ಬಳಿಗೆ ಸೆಳೆಯುತ್ತದೆ.

ಬಾರ್ಬೆಲ್‌ನ ಕುಟುಂಬಕ್ಕೇ ಸೇರಿದ, ಕಾವೇರಿ ತೀರದಲ್ಲಿ ಬಿಳಿಮೀನು ಎನಿಸಿಕೊಳ್ಳುವ ಮಹಶೀರ್‌ಗೆ ಹೆಸರಾದ ಎರೆ ರಾಗಿಯದು. ಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿದರೆ ಅದು ಸೆಳವಿಗೂ ಸಣ್ಣ ಮೀನುಗಳ ಕುಟುಕಿಗೂ ಬೇಗ ಕರಗದಷ್ಟು ಜಿಗುಟಾಗುತ್ತದೆ. ಯಾವ ಕೊಳವೆಯೂ ಬೇಡದ ಈ ಸರಳ ಉಪಾಯ ನಿಜಕ್ಕೂ ಮೆಚ್ಚತಕ್ಕದ್ದು. ತೂಕದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು: ದುಂಡಗಿನದು ತಳದಲ್ಲಿ ಉರುಳುತ್ತದೆ, ಚಪ್ಪಟೆಯದು ನಿಲ್ಲುತ್ತದೆ. ಅದನ್ನು ಮುಖ್ಯ ದಾರಕ್ಕಿಂತ ದುರ್ಬಲವಾದ ಎಳೆಯಿಂದ ಕಟ್ಟಿದರೆ, ಬಂಡೆಯ ಸಂದಿನಲ್ಲಿ ಸಿಕ್ಕಿದಾಗ ತೂಕವಷ್ಟೇ ಕಳಚಿಹೋಗಿ, ಮೀನು ದಾರದ ಸಮೇತ ಸಿಲುಕಿ ಸಾಯುವುದು ತಪ್ಪುತ್ತದೆ.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸಹೋದರರಲ್ಲೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದದ್ದು ಇಂದಿಗೂ ಪ್ರಸಿದ್ಧ. ಕಾವೇರಿ ಕೊಳ್ಳವನ್ನು ಬಿಟ್ಟು ಬೇರೆಲ್ಲೂ ಸಹಜವಾಗಿ ಇಲ್ಲದ ಆ ಡುಬ್ಬದ ಮಹಶೀರ್ 2018ರಲ್ಲಿ ಅತಿ ಗಂಭೀರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಆದ್ದರಿಂದ ಅದು ಆಕಸ್ಮಿಕವಾಗಿ ಗಾಳಕ್ಕೆ ಬಿದ್ದರೂ, ನೀರಿನಿಂದ ಮೇಲೆತ್ತದೆ, ಕೊಕ್ಕೆ ಬಿಡಿಸಿ ಹೊಳೆಗೇ ಬಿಟ್ಟುಬಿಡಬೇಕು.